ಎರಡು ಪತ್ತನಾಜೆಗಳ ನಡುವೆ: ಒಬ್ಬ ಭಾಗವತರ ಬಾಚಿಹಲ್ಲಿನ ಪ್ರಕರಣ

ಈ ಪ್ರಕರಣದ ರೋಗಿ ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಒಬ್ಬ ಭಾಗವತರು, ಅಂದರೆ ಆಟದ ಹಾಡುಗಾರರು. ವಯಸ್ಸು 54. ಹರಕೆ ಬಯಲಾಟದ ಮೇಳವೊಂದರಲ್ಲಿ ನಡುರಾತ್ರಿಯಿಂದ ಬೆಳಗಿನವರೆಗೆ ಪದ್ಯ ಹೇಳುವುದು ಅವರ ಪಾಳಿ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಊರು, ಮೇಳ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬಾಯಿಯೊಳಗಿನ ವಿವರಗಳು ಇದ್ದ ಹಾಗೆಯೇ ಇವೆ. "ಮೇಳದ ಹೆಸರು ಬೇಡ, ಹಲ್ಲಿನ ಹೆಸರು ಬೇಕಾದರೆ ಹಾಕಿ" ಎಂಬುದು ಅವರ ಷರತ್ತು.

ಫೆಬ್ರವರಿಯಲ್ಲಿ ಅವರನ್ನು ಮಂಗಳೂರಿನ ನಮ್ಮ ಕ್ಲಿನಿಕ್ಕಿಗೆ ಕರೆತಂದವರು ಅದೇ ಮೇಳದ ಮದ್ದಳೆಗಾರರು. ಕಾಯಿಲೆಯನ್ನು ಮೊದಲು ಗುರುತಿಸಿದ ಶ್ರೇಯಸ್ಸೂ ಅವರಿಗೇ ಸಲ್ಲಬೇಕು. "ರಾತ್ರಿ ಎರಡು ಗಂಟೆ ಕಳೆದ ಮೇಲೆ ಭಾಗವತರು ಬಾಯಿ ಸಣ್ಣ ಮಾಡುತ್ತಾರೆ. ಶ್ರುತಿ ಇದೆ, ತಾಳ ಇದೆ, ಸಾಹಿತ್ಯ ಮಾತ್ರ ಸರಿಯಾಗಿ ಕೇಳಿಸುವುದಿಲ್ಲ. 'ತಂದೆ' ಎಂದರೆ 'ಟಂಡೆ'ಯ ಹತ್ತಿರ ಹೋಗುತ್ತದೆ" ಎಂದರು. ಭಾಗವತರ ದೂರು ಇನ್ನೂ ಚಿಕ್ಕದು: "ನೋವೇನೂ ಇಲ್ಲ ಡಾಕ್ಟರೇ. ಏರು ಪದ್ಯಕ್ಕೆ ಬಾಯಿ ತೆರೆಯುವಾಗ ಹಲ್ಲು ಬಿದ್ದೇ ಹೋಗುತ್ತದೆಯೋ ಎಂಬ ಹೆದರಿಕೆ."

ಹೆದರಿಕೆಗೆ ಕಾರಣವಿತ್ತು. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಬೆರಳು ತಾಗಿಸಿದರೆ ಹಿಂದೆ ಮುಂದೆ ಮಾತ್ರವಲ್ಲ, ಮೇಲಕ್ಕೂ ಕೆಳಕ್ಕೂ ಆಡುತ್ತಿದ್ದವು. ವಸಡನ್ನು ಒತ್ತಿದರೆ ಕೀವು. ಎಕ್ಸ್‌ರೇಯಲ್ಲಿ ಬೇರಿನ ತುದಿಯ ಸುತ್ತ ಮಾತ್ರ ಒಂದಿಷ್ಟು ಮೂಳೆ ಉಳಿದಿತ್ತು. ಅವುಗಳ ಪಕ್ಕದ ಬಾಚಿಹಲ್ಲುಗಳಲ್ಲಿ ವಸಡು ಹಲ್ಲಿನಿಂದ 6 ಮಿಲಿಮೀಟರ್ ಆಳದವರೆಗೆ ಬಿಟ್ಟುಕೊಂಡಿತ್ತು. ಆರೋಗ್ಯವಂತ ಬಾಯಿಯಲ್ಲಿ ಇದು 3ರೊಳಗೆ ಇರುತ್ತದೆ. ಮೇಲಿನ ಎಡಭಾಗದಲ್ಲಿ ದವಡೆಹಲ್ಲುಗಳು ಹಿಂದೆಯೇ ಹೋಗಿದ್ದವು. ಮಧುಮೇಹ ಹಳೆಯದು, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ 8.9. ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ರೋಗ ಏರುತ್ತದೆ, ವಸಡಿನಲ್ಲಿ ಸೋಂಕು ಇದ್ದಷ್ಟು ಕಾಲ ಸಕ್ಕರೆ ಇಳಿಯಲು ಮೊಂಡುತನ ಮಾಡುತ್ತದೆ. ಇವರ ಬಾಯಿಯಲ್ಲಿ ಎರಡೂ ಒಂದರ ಬೆನ್ನು ಒಂದು ತಟ್ಟುತ್ತಿದ್ದವು.

ಬೇರೆ ರೋಗಿಯಾಗಿದ್ದರೆ ದಾರಿ ನೇರವಾಗಿತ್ತು. ಎರಡು ಹಲ್ಲು ಕಿತ್ತು, ಅದೇ ದಿನ ತೆಗೆದು ಹಾಕುವ ಹಲ್ಲು ಕೊಟ್ಟು, ನಾಲ್ಕು ತಿಂಗಳ ಮೇಲೆ ಶಾಶ್ವತ ವ್ಯವಸ್ಥೆ ಯೋಚಿಸುವುದು. ಇಲ್ಲಿ ಮೇಳದ ಆ ವರ್ಷದ ತಿರುಗಾಟ ಅರ್ಧಕ್ಕೆ ಬಂದಿತ್ತು. ತುಳುನಾಡಿನ ಮೇಳಗಳು ದೀಪಾವಳಿ ಕಳೆದು ನವೆಂಬರಿನ ಸುಮಾರಿಗೆ ಗೆಜ್ಜೆ ಕಟ್ಟಿದರೆ ಬಿಚ್ಚುವುದು ತುಳುವರ ಬೇಶ ತಿಂಗಳ ಹತ್ತರ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ. ನಡುವೆ ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಆಟ. ಹರಕೆಯ ಆಟಗಳು ವರ್ಷಗಳ ಮೊದಲೇ ಬರೆಸಿಟ್ಟವು; ಸೇವಾಕರ್ತರ ಮನೆಗೆ ಹೋಗಿ "ಭಾಗವತರ ಹಲ್ಲು ಸರಿಯಿಲ್ಲ, ದಿನ ಮುಂದೂಡಿ" ಎನ್ನಲಾಗದು. ಬದಲಿ ಭಾಗವತರು ಸಿಗುತ್ತಾರೆ, ನಾಲ್ಕು ದಿನಕ್ಕೆ. ಮೂರು ತಿಂಗಳಿಗಲ್ಲ.

ಪದ್ಯದಲ್ಲಿ ಹಲ್ಲಿನ ಪಾಲು

ಹಾಡುಗಾರಿಕೆ ಗಂಟಲಿನ ಕೆಲಸ ಎಂದು ಹಾಡುವವರೇ ನಂಬಿರುತ್ತಾರೆ. ಸ್ವರ ಹುಟ್ಟುವುದು ಗಂಟಲಲ್ಲಿ, ನಿಜ. ಅದು ಅಕ್ಷರವಾಗುವುದು ಬಾಯಿಯಲ್ಲಿ. ಯಕ್ಷಗಾನದಲ್ಲಿ ಅಕ್ಷರದ ಬೆಲೆ ಇನ್ನೂ ಹೆಚ್ಚು. ಪದ್ಯ ಕೇಳಿಸಿಕೊಂಡು ವೇಷಧಾರಿ ಅರ್ಥ ಹೇಳಬೇಕು. ಚೆಂಡೆ ಮದ್ದಳೆಗಳ ಅಬ್ಬರದ ನಡುವೆ ಸಾಹಿತ್ಯ ಬಿಡಿಬಿಡಿಯಾಗಿ ದಾಟಿ ಹೋಗಬೇಕು. ರಾಗ ಸ್ವಲ್ಪ ಜಾರಿದರೆ ಸಭೆ ಕ್ಷಮಿಸುತ್ತದೆ, ಶಬ್ದ ಜಾರಿದರೆ ಆಟವೇ ಜಾರುತ್ತದೆ.

ನಮ್ಮ ದಂತ ವೈದ್ಯಕೀಯದ ಪಠ್ಯದಲ್ಲಿ ಉಚ್ಚಾರಣೆಯ ಬಗ್ಗೆ ಒಂದು ಸಣ್ಣ ಅಧ್ಯಾಯ ಇರುತ್ತದೆ, ಅದೂ ಪೂರ್ತಿ ಹಲ್ಲಿನ ಸೆಟ್ ಮಾಡುವ ಸಂದರ್ಭಕ್ಕೆ. ಅಲ್ಲಿ ಪರೀಕ್ಷೆಗೆ ಇರುವುದು ಇಂಗ್ಲಿಷಿನ ಎಫ್, ವಿ, ಎಸ್ ಅಕ್ಷರಗಳು. ಕನ್ನಡ ಹಾಡುವ ಬಾಯಿಗೆ ಅವು ಸಾಲುವುದಿಲ್ಲ. ಹೈಸ್ಕೂಲಿನ ವ್ಯಾಕರಣ ಪುಸ್ತಕವೇ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಂತು. ತ, ಥ, ದ, ಧ, ನ ದಂತ್ಯಗಳು: ನಾಲಿಗೆಯ ತುದಿ ಮೇಲಿನ ಬಾಚಿಹಲ್ಲುಗಳ ಹಿಂಬದಿಯನ್ನು ಮುಟ್ಟಬೇಕು. ಟ, ಡ, ಣ, ಳ ಮೂರ್ಧನ್ಯಗಳು: ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ಬಡಿಯಬೇಕು. ವ ಎನ್ನುವಾಗ ಮೇಲಿನ ಹಲ್ಲಿನ ಅಂಚು ಕೆಳತುಟಿಯ ಹತ್ತಿರ ಬರಬೇಕು. ಸ ಎನ್ನುವಾಗ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳು ತಾಗದೆ, ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ನಿಲ್ಲಬೇಕು; ಆ ಸಂದಿನಲ್ಲಿ ಗಾಳಿ ತೆಳ್ಳಗೆ ಸೀಳಿಕೊಂಡು ಹೋಗಬೇಕು.

ಮದ್ದಳೆಗಾರರ 'ಟಂಡೆ'ಗೆ ಉತ್ತರ ಇಲ್ಲಿಯೇ ಇತ್ತು. ಅಲ್ಲಾಡುವ ಹಲ್ಲನ್ನು ನಾಲಿಗೆ ತಾನಾಗಿ ತಪ್ಪಿಸುತ್ತದೆ. ಹಲ್ಲಿನ ಹಿಂಬದಿಗೆ ಹೋಗಬೇಕಾದದ್ದು ವಸಡಿನ ಏರಿನ ಮೇಲೆಯೇ ನಿಲ್ಲುತ್ತದೆ, ದಂತ್ಯ ಮೂರ್ಧನ್ಯದ ಕಡೆಗೆ ವಾಲುತ್ತದೆ. ಭಾಗವತರಿಗೆ ಇದು ಗೊತ್ತೇ ಇರಲಿಲ್ಲ. ತಮ್ಮ ಬಾಯಿಯೊಳಗೆ ತಾವು ಹಾಡುವವರಿಗೆ ತಮ್ಮ ಶಬ್ದ ಸರಿಯಾಗಿಯೇ ಕೇಳಿಸುತ್ತದೆ, ಒಂದು ಗಜ ದೂರ ಕುಳಿತವರ ಕಿವಿಯೇ ಬೇರೆ.

ಇನ್ನೊಂದು ವಸ್ತು ಅವರ ಜುಬ್ಬಾದ ಜೇಬಿನಿಂದ ಹೊರಬಂತು: ಹೋದ ದವಡೆಹಲ್ಲುಗಳಿಗಾಗಿ ಬೇರೊಂದು ಕಡೆ ಮಾಡಿಸಿದ್ದ ತೆಗೆದು ಹಾಕುವ ಸೆಟ್. ಊಟದ ಹೊತ್ತಿಗೆ ಬಾಯಿಯಲ್ಲಿ, ಆಟದ ಹೊತ್ತಿಗೆ ಜೇಬಿನಲ್ಲಿ. ಕೆಲಸ ಕೆಟ್ಟದಾಗಿರಲಿಲ್ಲ, ಅಗಿಯುವ ಬಾಯಿಗೆ ಒಪ್ಪುವಂಥದೇ. ಆದರೆ ಗುಲಾಬಿ ಬಣ್ಣದ ಅಕ್ರಿಲಿಕ್ ತಟ್ಟೆ ಅಂಗುಳವನ್ನು ಮುಂದಿನವರೆಗೂ ಮುಚ್ಚಿತ್ತು, ದಪ್ಪ ಎರಡು ಮಿಲಿಮೀಟರಿಗಿಂತ ಹೆಚ್ಚು. ಮುರಿಯದಿರಲು ಅಕ್ರಿಲಿಕ್ಕಿಗೆ ಅಷ್ಟು ದಪ್ಪ ಬೇಕು. ನಾಲಿಗೆಗೆ ಅಂಗುಳ ಎರಡು ಮಿಲಿಮೀಟರ್ ಬೇಗ ಸಿಕ್ಕಿದರೆ 'ಳ' 'ಲ'ದಂತೆ ಒದ್ದೆಯಾಗುತ್ತದೆ. ಅದೂ ಅಲ್ಲದೆ ಇಂಥ ತಟ್ಟೆ ಅಂಗುಳಕ್ಕೆ ಅಂಟಿಕೊಳ್ಳುವುದು ಎಂಜಲಿನ ತೆಳು ಪೊರೆಯ ಬಲದಿಂದ. ಬಾಯಿ ಪೂರ್ತಿ ತೆರೆದು ತಾರಸ್ಥಾಯಿ ಹಿಡಿದಾಗ, ರಾತ್ರಿ ಬಾಯಿ ಒಣಗಿದಾಗ, ಅದು ಸಡಿಲವಾಗುತ್ತದೆ. ಈ ಅನುಭವದಿಂದ ಭಾಗವತರು ಒಂದು ತೀರ್ಮಾನಕ್ಕೆ ಬಂದಿದ್ದರು: ಕೃತಕ ಹಲ್ಲು ಬಾಯಿಗೆ ಬಂದರೆ ಪದ್ಯ ಹೋಯಿತು. ಹಲ್ಲು ಅಲ್ಲಾಡುತ್ತಿದ್ದರೂ ಅವರು ಇಷ್ಟು ಕಾಲ ವೈದ್ಯರ ಮೆಟ್ಟಿಲು ಹತ್ತದೆ ಇದ್ದದ್ದು ಅದಕ್ಕೇ.

ಕಲ್ಲುಸಕ್ಕರೆ

ಕೆಳಗಿನ ಎಡಭಾಗದ ಹಲ್ಲುಗಳನ್ನು ನೋಡುವಾಗ ಕೆನ್ನೆಯ ಕಡೆ, ವಸಡಿನ ಅಂಚಿಗೆ ಸರಿಯಾಗಿ, ಒಂದೇ ಗೆರೆಯಲ್ಲಿ ಹುಳುಕು ಸಿಕ್ಕಿತು. ಬಲಭಾಗದಲ್ಲಿ ಅಂಥದ್ದು ಇರಲಿಲ್ಲ, ಅಲ್ಲಿ ಎಲೆ ಅಡಿಕೆಯ ಕೆಂಪು ಕಲೆ ಮಾತ್ರ. ಒಂದು ಕೆನ್ನೆ ಅಡಿಕೆಗೆ, ಇನ್ನೊಂದು ಯಾವುದಕ್ಕೆ? ಕೇಳಿದಾಗ ಭಾಗವತರು ನಕ್ಕು ಒಪ್ಪಿಕೊಂಡರು. ಗಂಟಲು ಒಣಗದಿರಲೆಂದು ರಾತ್ರಿಯಿಡೀ ಎಡಗೆನ್ನೆಯಲ್ಲಿ ಕಲ್ಲುಸಕ್ಕರೆಯ ತುಂಡು, ಜೊತೆಗೆ ಎರಡು ಲವಂಗ. ಗುರುಗಳ ಕಾಲದಿಂದ ಬಂದ ಕ್ರಮ.

ಇದರಷ್ಟು ವ್ಯವಸ್ಥಿತವಾಗಿ ಹಲ್ಲು ಹಾಳುಮಾಡುವ ವಿಧಾನವನ್ನು ನಾನು ಯೋಚಿಸಿದರೂ ಕಂಡುಹಿಡಿಯಲಾರೆ. ಕಲ್ಲುಸಕ್ಕರೆ ಅಪ್ಪಟ ಸಕ್ಕರೆ. ಬಾಯಿಯ ಬ್ಯಾಕ್ಟೀರಿಯಾ ಅದನ್ನು ಕೆಲವೇ ನಿಮಿಷಗಳಲ್ಲಿ ಆಮ್ಲವಾಗಿಸುತ್ತದೆ. ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆಯಾದ ಪಿಎಚ್ 5.5ಕ್ಕಿಂತ ಕೆಳಗೆ ಹೋದರೆ ಎನಾಮೆಲ್ ಕರಗತೊಡಗುತ್ತದೆ. ವಸಡು ಜಾರಿ ಹೊರಬಿದ್ದ ಬೇರಿಗೆ ಅಷ್ಟು ಆಮ್ಲವೂ ಬೇಡ, ಅದಕ್ಕಿಂತ ಮೊದಲೇ ಕರಗುತ್ತದೆ. ಒಮ್ಮೆ ಸಿಹಿ ತಿಂದರೆ ಎಂಜಲು ಅರ್ಧ ಗಂಟೆಯಲ್ಲಿ ಬಾಯಿಯನ್ನು ಸರಿಪಡಿಸುತ್ತದೆ. ಆದರೆ ತುಂಡು ಕರಗಿದೊಡನೆ ಇನ್ನೊಂದು ತುಂಡು ಬಂದರೆ ಆ ಅರ್ಧ ಗಂಟೆ ಬರುವುದೇ ಇಲ್ಲ. ಬಾಯಿ ತೆರೆದು ಹಾಡುವವರ ಬಾಯಲ್ಲಿ ಎಂಜಲು ಮೊದಲೇ ಕಡಿಮೆ. ನಡುನಡುವೆ ವೇಷ ಕಟ್ಟುವ ಚೌಕಿಯಿಂದ ಸಿಹಿ ಚಹಾ ಬೇರೆ. ಬೆಳಗಿನ ಜಾವ ಆಟ ಮುಗಿದ ಮೇಲೆ ಹಲ್ಲುಜ್ಜದೆ ನೇರ ನಿದ್ದೆ, ಯಾಕೆಂದರೆ ಲೋಕದ ಲೆಕ್ಕದಲ್ಲಿ ಅದು "ಬೆಳಗ್ಗೆ", ಹಲ್ಲುಜ್ಜುವುದು ಎದ್ದ ಮೇಲೆ.

ಆದ್ದರಿಂದ ಮೊದಲ ಚಿಕಿತ್ಸೆ ಹಲ್ಲಿಗೆ ಸಂಬಂಧಿಸಿದ್ದಾಗಿರಲಿಲ್ಲ. ಕಲ್ಲುಸಕ್ಕರೆ ನಿಲ್ಲಿಸಿ ಬೆಚ್ಚಗಿನ ಜೀರಿಗೆ ನೀರು, ಫ್ಲಾಸ್ಕಿನಲ್ಲಿ, ಪದ್ಯಗಳ ನಡುವೆ ಗುಟುಕು ಗುಟುಕಾಗಿ. ಚಹಾ ಸಕ್ಕರೆಯಿಲ್ಲದೆ. ಆಟ ಮುಗಿದು ಮಲಗುವ ಮುಂಚೆ ಫ್ಲೋರೈಡ್ ಪೇಸ್ಟಿನಿಂದ ಉಜ್ಜುವುದು, ಸೂರ್ಯ ಎಲ್ಲಿಯೇ ಇರಲಿ. ಮಧುಮೇಹದ ಮಾತ್ರೆಯ ಹೊತ್ತನ್ನು ಅವರ ಊಟ ನಿದ್ದೆಗೆ ಹೊಂದಿಸಿಕೊಡುವಂತೆ ಅವರ ವೈದ್ಯರಿಗೆ ಪತ್ರ ಬರೆದೆ. ಬೆಳಗ್ಗೆ ತಿಂಡಿಗೆ ಮೊದಲು ಎಂದು ಬರೆದ ಮಾತ್ರೆಯನ್ನು ಮಧ್ಯಾಹ್ನ ಏಳುವ ಮನುಷ್ಯ ಏನು ಮಾಡಬೇಕು?

ಅಡಿಕೆಯ ವಿಷಯದಲ್ಲಿ ಮಾತು ಅಷ್ಟು ಸಲೀಸಾಗಿ ಹೋಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ಅಡಿಕೆಯ ವಿರುದ್ಧ ಮಾತಾಡುವುದೆಂದರೆ ಕಾಯುತ್ತ ಕುಳಿತ ಅರ್ಧ ರೋಗಿಗಳ ಹೊಟ್ಟೆಪಾಡಿನ ವಿರುದ್ಧ ಮಾತಾಡಿದಂತೆ. ಆದರೂ ಹೇಳಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ, ತಂಬಾಕು ಇಲ್ಲದಿದ್ದರೂ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದಕ್ಕಿಂತ ಮೊದಲೇ ಬರಬಹುದಾದ ತೊಂದರೆ ಇನ್ನೊಂದಿದೆ: ಕೆನ್ನೆಯ ಒಳಪದರ ನಾರಾಗಿ ಬಿಗಿದು ಬಾಯಿ ತೆರೆಯುವುದೇ ಕಡಿಮೆಯಾಗುವ ಸ್ಥಿತಿ. ಬಿಗಿದದ್ದು ಮತ್ತೆ ಪೂರ್ತಿ ಸಡಿಲವಾಗುವುದಿಲ್ಲ. ಭಾಗವತರ ಬಾಯಿ ಆಗ 38 ಮಿಲಿಮೀಟರ್ ತೆರೆಯುತ್ತಿತ್ತು. ಸಾಮಾನ್ಯ ಮಿತಿಯೊಳಗೇ, ಆದರೆ ಖಾರ ಉರಿಯುತ್ತದೆ ಎಂದಿದ್ದರು. "ಕ್ಯಾನ್ಸರ್" ಎಂದಾಗ ಅಲುಗಾಡದ ಅವರು "ಬಾಯಿ ತೆರೆಯುವುದಿಲ್ಲ" ಎಂದಾಗ ಎದ್ದು ಕುಳಿತರು.

ಹಲ್ಲು ಇರುವಾಗಲೇ

ಪತ್ತನಾಜೆಯವರೆಗೆ ಆ ಎರಡು ಹಲ್ಲುಗಳನ್ನು ಹೇಗಾದರೂ ನಿಲ್ಲಿಸುವುದು, ಆಮೇಲೆ ಕೀಳುವುದು. ಈ ಎರಡರ ನಡುವಿನ ಕಾಲವನ್ನು ಮೂರನೆಯ ಒಂದು ಕೆಲಸಕ್ಕೆ ಬಳಸಿಕೊಂಡೆವು: ದಾಖಲೆ. ಹಾಡುವವರ, ನಟರ, ವಾದ್ಯ ನುಡಿಸುವವರ ಹಲ್ಲು ಬಾಯಿಯಲ್ಲಿ ಇರುವಾಗಲೇ ಅದರ ಅಳತೆ ತೆಗೆದಿಡಬೇಕೆಂಬುದು ನನ್ನ ಹಟ. ಹೋದ ಮೇಲೆ ಉಳಿಯುವುದು ಊಹೆ, ಮತ್ತು ಊಹಿಸುವಾಗ ವೈದ್ಯರ ಕೈ ತಾನಾಗಿ ಸುಂದರವಾದದ್ದರ ಕಡೆಗೆ ಹೋಗುತ್ತದೆ.

ಎರಡೂ ದವಡೆಗಳ ಅಚ್ಚು ತೆಗೆದೆವು. ಮುಖದ ಫೋಟೊಗಳನ್ನು ಸುಮ್ಮನಿರುವಾಗ, ನಗುವಾಗ, 'ವ' ಎನ್ನುವಾಗ, ತಾರಸ್ಥಾಯಿಯ 'ಆ' ಹಿಡಿದಾಗ ತೆಗೆದೆವು. ಅಂಗುಳಕ್ಕೂ ಹಲ್ಲುಗಳ ಹಿಂಬದಿಗೂ ತೆಳುವಾಗಿ ಪುಡಿ ಉದುರಿಸಿ, ಒಂದೇ ಒಂದು 'ತ' ಹೇಳಿಸಿ, ಕನ್ನಡಿ ಹಿಡಿದು ನೋಡಿದರೆ ನಾಲಿಗೆ ತಾಗಿದಲ್ಲಿ ಪುಡಿ ಒರೆಸಿಹೋಗಿರುತ್ತದೆ, ಅದರ ಫೋಟೊ. ಹಾಗೆಯೇ 'ಟ', 'ಸ', 'ಳ'. ಹಾರ್ಮೋನಿಯಂ ಶ್ರುತಿ ಇಟ್ಟು, ಮೊಬೈಲನ್ನು ಒಂದೇ ದೂರದಲ್ಲಿ ನಿಲ್ಲಿಸಿ, ಅವರೇ ಆಯ್ದ ಪದ್ಯಗಳನ್ನು ಹಾಡಿಸಿ ಧ್ವನಿಮುದ್ರಣ ಮಾಡಿಕೊಂಡೆವು. ಜೊತೆಗೆ ಮನೆಯಿಂದ ಹಳೆಯ ಫೋಟೊಗಳನ್ನು ತರಿಸಿದೆವು. ಇಪ್ಪತ್ತೈದರ ಹರೆಯದ ಒಂದು ಚಿತ್ರದಲ್ಲಿ ನಡುವಿನ ಹಲ್ಲುಗಳ ನಡುವೆ ಸಣ್ಣ ಸಂದು ಕಾಣುತ್ತಿತ್ತು, ಸುಮಾರು ಒಂದು ಮಿಲಿಮೀಟರ್. ಈಗ ಅದು ಮೂರು ಮಿಲಿಮೀಟರ್. ಮೂಳೆ ಕರಗಿ ಹಲ್ಲುಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು.

ಹಲ್ಲು ನಿಲ್ಲಿಸುವುದಕ್ಕೆ, ವಸಡಿನ ಆಳದವರೆಗೆ ಕ್ಲೀನಿಂಗ್ ಮಾಡಿ, ಕೋರೆಹಲ್ಲಿನಿಂದ ಕೋರೆಹಲ್ಲಿನವರೆಗೆ ಹಿಂಬದಿಯಲ್ಲಿ ಗಾಜಿನ ನಾರಿನ ಪಟ್ಟಿಯನ್ನು ಹಲ್ಲಿನ ಬಣ್ಣದ ರಾಳವಾದ ಕಾಂಪೊಸಿಟ್‌ನಿಂದ ಅಂಟಿಸುವ ಪದ್ಧತಿ ಇದೆ. ಆದರೆ ಆ ಪಟ್ಟಿ ಬರುವುದು ದಂತ್ಯಗಳು ಹುಟ್ಟುವ ಜಾಗಕ್ಕೇ. ಆದ್ದರಿಂದ ಮೊದಲು ಅಂಟು ಹಚ್ಚದೆ, ಬರಿಯ ಕಾಂಪೊಸಿಟ್ ಒತ್ತಿ ಗಟ್ಟಿಮಾಡಿ, ಹಾಡಿಸಿ ನೋಡಿದೆವು. ಪುಡಿ ಒರೆಸಿಹೋದ ಗುರುತನ್ನು ತಪ್ಪಿಸಿ ಪಟ್ಟಿಯನ್ನು ವಸಡಿನ ಕಡೆಗೆ ಸರಿಸಿದಾಗ 'ತ' ತಿಳಿಯಾಯಿತು. ಅನಂತರವೇ ಅಂಟಿಸಿದ್ದು. ಈ ಎಲ್ಲ ಕೆಲಸ ಆಟವಿಲ್ಲದ ದಿನಗಳಲ್ಲೇ ನಡೆಯಿತು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರೆ ತುಟಿ ಕೆಲವು ಗಂಟೆ ಸತ್ತಂತಿರುತ್ತದೆ, ಅಂಥ ತುಟಿಯಲ್ಲಿ 'ವ' ಹೇಳಲಾಗದು, 'ಪ'ವೂ ನಂಬಿಕೆಗೆ ಅರ್ಹವಲ್ಲ.

ಹಲ್ಲು ನಿಂತಿತು. ನಾಲಿಗೆ ಧೈರ್ಯ ಮಾಡಲು ಕೆಲವು ದಿನ ಹಿಡಿಯಿತು. ಮಾರ್ಚಿನಲ್ಲಿ ಮದ್ದಳೆಗಾರರು ಫೋನಿನಲ್ಲಿ "ಈಗ ಸಾಹಿತ್ಯ ಕೇಳುತ್ತದೆ" ಎಂದರು.

ಮಳೆಗಾಲದ ಕೆಲಸ

ಮುಂದೇನು ಎಂಬ ಚರ್ಚೆ ಮಾತ್ರ ಎಲ್ಲಕ್ಕಿಂತ ಉದ್ದವಾಯಿತು, ಮನೆಯವರೂ ಸೇರಿದರು. ಮಗಳ ವಾದ: ಹೇಗೂ ಹೊಸ ಹಲ್ಲು, ಸಂದು ಯಾಕೆ ಇಡಬೇಕು? ಅಪ್ಪ ಒಮ್ಮೆಯಾದರೂ ಚೆಂದವಾಗಿ ನಗಲಿ. ಅಪ್ಪನಿಗೂ ಆಸೆ ಇಲ್ಲದಿರಲಿಲ್ಲ. ಸಂದಿಗೆ ಮೇಣ ತುಂಬಿ ಹಾಡಲು ಹೇಳಿದೆವು. ಎರಡು ಸಾಲು ಹಾಡಿ ನಿಲ್ಲಿಸಿದರು. "ಗಾಳಿ ಎಲ್ಲಿ ಹೋಗಬೇಕೆಂದೇ ಗೊತ್ತಾಗುವುದಿಲ್ಲ." ಧ್ವನಿಮುದ್ರಣದಲ್ಲಿ ಕೇಳಿದರೆ 'ಸ' ಕೆಟ್ಟಿರಲಿಲ್ಲ, ಮೊಂಡಾಗಿತ್ತು. ಹತ್ತು ವರ್ಷದ ಹುಡುಗನಾದರೆ ಹೊಸ ಸಂದಿಗೆ ಹೊಂದಿಕೊಳ್ಳುತ್ತಾನೆ. ಮೂರು ದಶಕ ಅದೇ ಸಂದಿನಿಂದ ಗಾಳಿ ಬಿಟ್ಟವರನ್ನು ಹೊಂದಿಕೊಳ್ಳಿ ಎನ್ನುವ ಹಕ್ಕು ನಮಗೆ ಯಾಕೆ ಬಂತು? ಸಂದು ಇರಲಿ ಎಂದು ನಿರ್ಧಾರವಾಯಿತು, ಆದರೆ ರೋಗ ಮಾಡಿದ ಮೂರು ಮಿಲಿಮೀಟರ್ ಅಲ್ಲ, ಪ್ರಾಯದ ಕಾಲದ ಒಂದರ ಸುತ್ತಮುತ್ತ.

ಈ ಒಂದು ನಿರ್ಧಾರ ಉಳಿದದ್ದನ್ನೆಲ್ಲ ನಿರ್ಧರಿಸಿತು. ಬ್ರಿಜ್ ಕಟ್ಟಿದರೆ ಹಲ್ಲುಗಳು ಒಂದಕ್ಕೊಂದು ಬೆಸೆದಿರುತ್ತವೆ; ನಡುವೆ ಸಂದು ಬಿಡಬೇಕೆಂದರೆ ಅಂಗುಳದ ಕಡೆಯಿಂದ ಲೋಹದ ಕೊಂಡಿಯೊಂದನ್ನು ಸುತ್ತು ಹಾಕಿ ತರಬೇಕು, ಸರಿಯಾಗಿ ನಾಲಿಗೆಯ ದಾರಿಗೆ ಅಡ್ಡವಾಗಿ. ಅಲ್ಲದೆ ಬ್ರಿಜ್ಜಿಗೆ ಆಧಾರವಾಗಬೇಕಾದ ಪಕ್ಕದ ಹಲ್ಲುಗಳೇ ದುರ್ಬಲ. ತೆಗೆದು ಹಾಕುವ ಹಲ್ಲು ಅಗ್ಗ, ಆದರೆ ಜೇಬು ಸೇರುವುದು ಖಚಿತ. ಉಳಿದದ್ದು ಮೂಳೆಯೊಳಗೆ ತಿರುಪು ಇಳಿಸಿ ಅದರ ಮೇಲೆ ಹಲ್ಲು ಕೂರಿಸುವ ಎರಡು ಪ್ರತ್ಯೇಕ ಇಂಪ್ಲಾಂಟ್‌ಗಳು, ಒಂದೊಂದೂ ತನ್ನ ಕಾಲ ಮೇಲೆ ತಾನು ನಿಲ್ಲುವಂಥವು. ಪಕ್ಕಪಕ್ಕದ ಎರಡು ಇಂಪ್ಲಾಂಟ್‌ಗಳ ನಡುವೆ 3 ಮಿಲಿಮೀಟರಿನಷ್ಟಾದರೂ ಮೂಳೆ ಇರಬೇಕೆಂಬ ನಿಯಮವಿದೆ, ಅದಕ್ಕೂ ಸಂದು ಅನುಕೂಲವೇ ಆಯಿತು.

ಖರ್ಚಿನ ಮಾತು ಮುಚ್ಚಿಡುವಂಥದ್ದಲ್ಲ. ಇಂಪ್ಲಾಂಟ್ ದುಬಾರಿ, ನಮ್ಮ ದೇಶದ ಆರೋಗ್ಯ ವಿಮೆಗಳು ಅಪಘಾತದ ಹೊರತು ಹಲ್ಲಿನ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಆರು ತಿಂಗಳು ಸಂಬಳ, ಆರು ತಿಂಗಳು ಮಳೆ ಎಂಬ ಬದುಕಿನಲ್ಲಿ ಹಣ ಒಮ್ಮೆಲೇ ಹುಟ್ಟುವುದಿಲ್ಲ. ಎರಡು ವರ್ಷಗಳ ತಿರುಗಾಟಕ್ಕೆ ಹಂಚಿ ಕಂತು ಮಾಡಿದೆವು. ಹಿಂದಿನ ದವಡೆಹಲ್ಲುಗಳ ಜಾಗಕ್ಕೆ ಇಂಪ್ಲಾಂಟ್ ಬೇಡವೆಂದದ್ದಕ್ಕೆ ಹಣ ಒಂದು ಕಾರಣ. ಇನ್ನೊಂದು ಕಾರಣ ಮೂಗಿನ ಪಕ್ಕದ ಗಾಳಿಗೂಡು. ಅಲ್ಲಿ ಮೂಳೆ ತೆಳು, ಗೂಡಿನ ತಳವನ್ನು ಎತ್ತಿ ಮೂಳೆ ತುಂಬಬೇಕಾಗುತ್ತದೆ, ಆಮೇಲೆ ವಾರಗಟ್ಟಲೆ ಮೂಗು ಸೀನುವುದು, ಗಟ್ಟಿಯಾಗಿ ಹಾಡುವುದು ನಿಷಿದ್ಧ. ಅಲ್ಲಿಗೆ ಕೋಬಾಲ್ಟ್ ಕ್ರೋಮಿಯಂ ಲೋಹದ ಎರಕದ ಸೆಟ್ ಸಾಕೆಂದೆವು: ಅರ್ಧ ಮಿಲಿಮೀಟರಿನಷ್ಟು ತೆಳು, ಅಂಗುಳದ ಮುಂಭಾಗವನ್ನು ಮುಟ್ಟದೆ ಹಿಂದೆಯೇ ಹಾದುಹೋಗುವ ಪಟ್ಟಿ.

ಪತ್ತನಾಜೆ ಕಳೆದ ವಾರ ಎರಡೂ ಹಲ್ಲು ತೆಗೆದೆವು. ಬರಿಯ ಸ್ಥಳೀಯ ಅರಿವಳಿಕೆ. ಗಂಟಲಿಗೆ ಕೊಳವೆ ಇಳಿಸುವ ಪ್ರಶ್ನೆಯೇ ಇರಲಿಲ್ಲ, ಹಾಡುವವರಲ್ಲಿ ಅದನ್ನು ಸಾಧ್ಯವಾದಷ್ಟು ತಪ್ಪಿಸಬೇಕು. ಕೀವು ಇದ್ದ ಜಾಗವಾದ್ದರಿಂದ ಅದೇ ದಿನ ಇಂಪ್ಲಾಂಟ್ ಕೂರಿಸಲಿಲ್ಲ. ವಸಡು ಕೂಡಿಕೊಂಡ ಮೇಲೆ, ಜುಲೈ ನಡುವಿನಲ್ಲಿ, ಟೈಟಾನಿಯಂ ತಿರುಪುಗಳನ್ನು ಇಳಿಸಿದೆವು. ಆ ಹೊತ್ತಿಗೆ ಎಚ್‌ಬಿಎ1ಸಿ 7.2ಕ್ಕೆ ಬಂದಿತ್ತು, 8.9ರಲ್ಲೇ ನಿಂತಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಟೈಟಾನಿಯಂ ಮೂಳೆಯೊಂದಿಗೆ ಬೆಸೆಯುತ್ತದೆ ಎಂಬುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಕಂಡು, ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದ್ದು 1965ರಲ್ಲಿ. ಮಣಿಪಾಲದಲ್ಲಿ ದಂತ ವೈದ್ಯಕೀಯ ಕಾಲೇಜು ತೆರೆದದ್ದೂ ಅದೇ ವರ್ಷ. ಕರಾವಳಿಯಲ್ಲಿ ಈಗ ಹಲ್ಲಿನ ವೈದ್ಯರಿಗೆ ಬರವಿಲ್ಲ. ಬೆಸೆಯುವುದಕ್ಕೆ ಮಾತ್ರ ಕಾಯಲೇಬೇಕು, ಇವರ ಮೇಲ್ದವಡೆಗೆ ನಾಲ್ಕು ತಿಂಗಳ ಲೆಕ್ಕ ಹಿಡಿದೆವು. ಜುಲೈ ನಡುವಿನಿಂದ ನಾಲ್ಕು ತಿಂಗಳೆಂದರೆ ನವೆಂಬರ್ ನಡು. ಮೇಳ ಹೊರಡುವ ಹೊತ್ತು. ಪಂಚಾಂಗ ನಮ್ಮ ಪಕ್ಷದಲ್ಲಿತ್ತು, ಅಷ್ಟೇನೂ ಉದಾರವಾಗಿ ಅಲ್ಲ.

ಆ ಮಳೆಗಾಲದಲ್ಲಿ ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಗಳನ್ನೂ ಮನೆಮನೆಗೆ ಹೋಗುವ ಚಿಕ್ಕಮೇಳವನ್ನೂ ಅವರು ಬಿಟ್ಟುಕೊಟ್ಟರು. ಹೊಲಿಗೆ ಇದ್ದಷ್ಟು ದಿನ ಶಿಷ್ಯರಿಗೆ ಬರಿಯ ತಾಳದಲ್ಲಿ ಪಾಠ. ಹೊರಗೆ ಹೋಗುವಾಗ ಹಾಕಿಕೊಳ್ಳಲು ಹಲ್ಲು ಕೂರಿಸಿದ ಪಾರದರ್ಶಕ ತೆಳು ಹಾಳೆಯ ಕವಚ ಮಾಡಿಕೊಟ್ಟಿದ್ದೆವು. ಅಂಗುಳ ಮುಚ್ಚುವುದಿಲ್ಲ ಎಂಬುದೊಂದೇ ಅದರ ಗುಣ. ಮದುವೆ ಮನೆಗೆ ಸಾಕು ಎಂದರು.

ರಂಗಸ್ಥಳದ ಮೈಕ್

ನವೆಂಬರಿನಲ್ಲಿ ಕೂರಿಸಿದ್ದು ಪಿಂಗಾಣಿ ಹಲ್ಲುಗಳನ್ನಲ್ಲ, ಅಕ್ರಿಲಿಕ್ಕಿನ ತಾತ್ಕಾಲಿಕ ಕ್ಯಾಪ್‌ಗಳನ್ನು. ಮನೆಯವರಿಗೆ ಇದು ಸ್ವಲ್ಪ ನಿರಾಸೆಯೇ. ಆದರೆ ಇಡೀ ಚಿಕಿತ್ಸೆಯಲ್ಲಿ ನಾನು ಬಿಟ್ಟುಕೊಡದಿದ್ದ ಅಂಶ ಇದೊಂದೇ. ಅಕ್ರಿಲಿಕ್ಕನ್ನು ಉಜ್ಜಬಹುದು, ಮತ್ತೆ ಸೇರಿಸಬಹುದು, ತಿರುಪು ಬಿಚ್ಚಿ ಹೊರಗೆ ತೆಗೆದು ತಿದ್ದಬಹುದು. ಪಿಂಗಾಣಿಗೆ ಆ ಸೌಲಭ್ಯವಿಲ್ಲ. ಹಾಡುವವರ ಹಲ್ಲಿನ ಆಕಾರವನ್ನು ಕ್ಲಿನಿಕ್ಕಿನ ಕುರ್ಚಿಯಲ್ಲಿ ಅಂತಿಮ ಮಾಡಲಾಗದು. ಕುರ್ಚಿಯಲ್ಲಿ ಅರೆ ಮಲಗಿ, ಏಸಿಯ ತಂಪಿನಲ್ಲಿ, ಸಂಜೆ ಐದಕ್ಕೆ ಹಾಡುವ ಬಾಯಿ ಒಂದು. ನಸುಕಿನ ನಾಲ್ಕಕ್ಕೆ ಗದ್ದೆಯ ಮಂಜಿನಲ್ಲಿ ಚೆಂಡೆಯ ಪಕ್ಕ ಕುಳಿತು ಹಾಡುವ ಬಾಯಿ ಇನ್ನೊಂದು.

ಕ್ಲಿನಿಕ್ಕಿನಲ್ಲಿ ಎಲ್ಲ ಸರಿಯಿತ್ತು. ಫೆಬ್ರವರಿಯ ಪುಡಿಯ ಗುರುತುಗಳಿಗೆ ಹೊಸ ಗುರುತುಗಳು ಹೊಂದುತ್ತಿದ್ದವು. ತಿರುಪಿನ ರಂಧ್ರ ಬರುವುದು ಹಲ್ಲಿನ ಹಿಂಬದಿಗೆ, ನಾಲಿಗೆ ತಾಗುವ ಜಾಗಕ್ಕೇ. ಅದನ್ನು ತುಂಬಿ ಗಾಜಿನಷ್ಟು ನುಣುಪು ಮಾಡಿದ್ದೆವು. ಸಂದನ್ನು ಒಂದೂವರೆ ಮಿಲಿಮೀಟರಿಗೆ ಇಟ್ಟಿದ್ದೆವು, ಮೂರಕ್ಕೆ ಒಗ್ಗಿದವರಿಗೆ ಒಮ್ಮೆಲೇ ಒಂದಕ್ಕೆ ಇಳಿಸುವುದು ಬೇಡವೆಂದು. ಮೇಳ ಹೊರಟ ಮೇಲೆ ಬಂದ ಸುದ್ದಿ: 'ಸ' ಬಂದಲ್ಲೆಲ್ಲ ಮೈಕಿನಲ್ಲಿ ಸೀಟಿ. ಹತ್ತಿರದ ಊರಿನ ಒಂದು ಬಯಲಾಟಕ್ಕೆ ಹೋಗಿ ಕೇಳಿದೆ. ನಿಜ. ಧ್ವನಿವರ್ಧಕದ ಎದುರು ಕುಳಿತವರಿಗೆ ಸ್ಪಷ್ಟ, ರಂಗಸ್ಥಳದ ಪಕ್ಕ ನಿಂತವರಿಗೆ ಇಲ್ಲ.

ಕಾರಣ ಸರಳ. 'ಸ'ಕಾರದ ಶಕ್ತಿ ಹೆಚ್ಚಾಗಿ ಇರುವುದು 4,000ದಿಂದ 8,000 ಹರ್ಟ್ಸ್ ಸುತ್ತಿನ ಎತ್ತರದ ಕಂಪನಗಳಲ್ಲಿ. ಭಾಗವತರ ಮೈಕ್ ಬಾಯಿಗೆ ತೀರ ಹತ್ತಿರ. ಅದು ಆ ಕಂಪನಗಳನ್ನು ಹಿಡಿಯುತ್ತದೆ, ಕೊಂಬುಗಳಂಥ ಧ್ವನಿವರ್ಧಕಗಳು ಅವನ್ನು ಇನ್ನಷ್ಟು ಚೂಪು ಮಾಡುತ್ತವೆ. ಒಂದು ಮೀಟರ್ ದೂರದ ಮೊಬೈಲಿಗೆ ಕೇಳದ ಸೀಟಿ ಮೈದಾನದ ಕೊನೆಯ ಕುರ್ಚಿಗೆ ಕೇಳುತ್ತದೆ. ಕ್ಯಾಪ್‌ಗಳನ್ನು ಬಿಚ್ಚಿ, ಸಂದಿನ ಕಡೆಯ ಅಂಚುಗಳಿಗೆ ತೆಳುವಾಗಿ ಅಕ್ರಿಲಿಕ್ ಸೇರಿಸಿ, ಸಂದನ್ನು ಒಂದರ ಹತ್ತಿರ ತಂದೆವು. ಸೀಟಿ ಹೋಯಿತು. ಡಿಸೆಂಬರ್ ಕಳೆಯುವ ಹೊತ್ತಿಗೆ ಇನ್ನೊಂದು ದೂರು: ಏರು ಪದ್ಯದ ವೇಗದಲ್ಲಿ 'ವ' ತಡವರಿಸುತ್ತದೆ. ಅಂಚು ಕೂದಲೆಳೆಯಷ್ಟು ಉದ್ದ, ಉಜ್ಜಿದೆವು. ಪಿಂಗಾಣಿಯಾಗಿದ್ದರೆ ಇವೆರಡಕ್ಕೂ ಹೊಸ ಹಲ್ಲೇ ಮಾಡಬೇಕಿತ್ತು.

"ಹಲ್ಲು ಇದೆ, ಆದರೆ ಅದು ನನ್ನದು ಅನ್ನಿಸುವುದಿಲ್ಲ" ಎಂದೂ ಅವರು ಹೇಳಿದ್ದುಂಟು. ಅದಕ್ಕೆ ಮದ್ದಿಲ್ಲ. ಸಹಜ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳು ಪದರವೊಂದಿದೆ, ಸ್ಪರ್ಶ ತಿಳಿಯುವುದು ಅದರಿಂದ. ಇಂಪ್ಲಾಂಟಿಗೆ ಆ ಪದರವಿಲ್ಲ. ನಾಲಿಗೆಗೆ ಹಲ್ಲು ತಿಳಿಯುತ್ತದೆ, ಹಲ್ಲಿಗೆ ನಾಲಿಗೆ ತಿಳಿಯುವುದಿಲ್ಲ. ಅದೇ ಕಾರಣಕ್ಕೆ ಕೆಳಗಿನ ಹಲ್ಲುಗಳು ಇವುಗಳಿಗೆ ಗಟ್ಟಿಯಾಗಿ ತಾಗದಂತೆ ನೋಡಿಕೊಂಡಿದ್ದೇವೆ.

ಇಲ್ಲಿ ಒಂದು ಎಚ್ಚರಿಕೆ. ಈ ಪ್ರಕರಣದ ನಿರ್ಧಾರಗಳನ್ನು ಬೇರೆ ಕಲಾವಿದರ ಬಾಯಿಗೆ ಹಾಗೆಯೇ ಎತ್ತಿ ಹಾಕುವಂತಿಲ್ಲ. ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ನಮ್ಮ ಜಿಲ್ಲೆಗಳ ದೇವಸ್ಥಾನದ ಉತ್ಸವಗಳಲ್ಲಿ, ಮದುವೆಗಳಲ್ಲಿ ಅದನ್ನು ನುಡಿಸುವವರು ಬಹಳ. ಅವರ ಬಾಯಿಯ ಲೆಕ್ಕ ಪೂರ್ತಿ ಬೇರೆ. ವಾದ್ಯದ ಬಾಯಿತುಂಡು ಮೇಲಿನ ಬಾಚಿಹಲ್ಲುಗಳ ಅಂಚಿಗೆ ತಾಗಿ ನಿಲ್ಲುತ್ತದೆ, ಕೆಳತುಟಿ ಕೆಳಗಿನ ಹಲ್ಲುಗಳ ಮೇಲೆ ಮಡಚಿ ರೀಡಿಗೆ ಮೆತ್ತೆಯಾಗುತ್ತದೆ. ಅಲ್ಲಿ ಸಂದಿಗಿಂತ ಮುಖ್ಯ ಮೇಲಿನ ಹಲ್ಲಿನ ಉದ್ದ ಮತ್ತು ಓರೆ. ಅರ್ಧ ಮಿಲಿಮೀಟರ್ ಬದಲಾದರೂ ವಾದ್ಯ ಕೂರುವ ಕೋನ ಬದಲಾಗುತ್ತದೆ. ಕೆಳಗಿನ ಹಲ್ಲೊಂದು ಸೊಟ್ಟಗಿದ್ದು ಚೂಪಾಗಿದ್ದರೆ ಗಂಟೆಗಟ್ಟಲೆ ನುಡಿಸುವಾಗ ತುಟಿಯನ್ನೇ ಕತ್ತರಿಸುತ್ತದೆ. ವೇಷಧಾರಿಗಳದು ಮತ್ತೊಂದು ಲೆಕ್ಕ: ಬಣ್ಣ ಬಳಿದ ಮುಖದಲ್ಲಿ, ಪ್ರಖರ ಬೆಳಕಿನಲ್ಲಿ, ಹಲ್ಲಿನ ಬಣ್ಣ ದೂರಕ್ಕೆ ಹೇಗೆ ಕಾಣುತ್ತದೆಂಬ ಪ್ರಶ್ನೆ ಅಲ್ಲಿ ಮೊದಲು ಬರುತ್ತದೆ. ನಮ್ಮ ಭಾಗವತರಿಗೆ ಅದರ ಗೊಡವೆ ಇರಲಿಲ್ಲ. ಬಣ್ಣ ಆರಿಸುವಾಗ ಪಕ್ಕದ ಹಲ್ಲಿಗಿಂತ ಬೆಳ್ಳಗಿನದು ಬೇಡವೆಂದು ಮೊದಲೇ ಹೇಳಿದ್ದರು.

ಎರಡನೆಯ ಪತ್ತನಾಜೆ ಕಳೆದ ಮೇಲೆ, ಒಂದು ತಿರುಗಾಟವನ್ನು ಪೂರ್ತಿ ಹಾಡಿ ಮುಗಿಸಿದ ಆ ಅಕ್ರಿಲಿಕ್ ಕ್ಯಾಪ್‌ಗಳನ್ನು ಬಿಚ್ಚಿ, ಅವುಗಳ ಆಕಾರವನ್ನು ಹಿಂಬದಿಯ ಉಬ್ಬುತಗ್ಗಿನ ಸಮೇತ ಸ್ಕ್ಯಾನ್ ಮಾಡಿ, ಪಿಂಗಾಣಿಯಲ್ಲಿ ನಕಲು ಮಾಡಿಸಿದೆವು. ಪ್ರಯೋಗಾಲಯದವರು ಹಿಂಬದಿಯನ್ನು ಪುಸ್ತಕದಲ್ಲಿರುವಂತೆ ಚೆಂದ ಮಾಡಿ ಕಳಿಸಿದ್ದರು. ಹಿಂದಿರುಗಿಸಿ ಹಾಗೆಯೇ ನಕಲು ಮಾಡಿ ಎಂದು ಬರೆಯಬೇಕಾಯಿತು. ಪಿಂಗಾಣಿ ಕೂರಿಸಿದ ದಿನ ಫೆಬ್ರವರಿಯ ಅದೇ ಪದ್ಯಗಳನ್ನು ಹಾಡಿಸಿ, ಎರಡು ಧ್ವನಿಮುದ್ರಣಗಳನ್ನು ಯಾವುದು ಯಾವಾಗಿನದೆಂದು ಹೇಳದೆ ಮದ್ದಳೆಗಾರರಿಗೆ ಕೇಳಿಸಿದೆವು. ಹೊಸದನ್ನು ತೋರಿಸಿ, "ಇದು ಹತ್ತು ವರ್ಷ ಹಿಂದಿನದಲ್ಲವೇ?" ಎಂದರು.

ಈಗಿನ ಸ್ಥಿತಿ ಹೀಗಿದೆ. ಇಂಪ್ಲಾಂಟ್‌ಗಳ ಸುತ್ತ ಮೂಳೆ ನಿಂತಿದೆ. ಎಚ್‌ಬಿಎ1ಸಿ 7ರ ಆಸುಪಾಸಿನಲ್ಲಿ ಏರಿಳಿಯುತ್ತಿದೆ. ಕಲ್ಲುಸಕ್ಕರೆ ಪೂರ್ತಿ ನಿಂತಿದೆ, ಕೆಳಗಿನ ಹುಳುಕುಗಳನ್ನು ತುಂಬಿದ್ದೇವೆ. ಲೋಹದ ಸೆಟ್ ಆಟದ ಹೊತ್ತಿನಲ್ಲೂ ಬಾಯಿಯಲ್ಲೇ ಇರುತ್ತದೆ ಎಂದು ಭಾಗವತರು ಹೇಳುತ್ತಾರೆ. ಯಾವಾಗಲೂ ಅಲ್ಲ ಎಂದು ಮದ್ದಳೆಗಾರರು. ಎಲೆ ಅಡಿಕೆ ಕಡಿಮೆಯಾಗಿದೆ, ಬಿಟ್ಟಿಲ್ಲ; ಬಾಯಿ ತೆರೆಯುವ ಅಳತೆಯನ್ನು ಪ್ರತಿ ಮೂರು ತಿಂಗಳ ಭೇಟಿಯಲ್ಲೂ ಬರೆದಿಡುತ್ತೇವೆ, 38ರಲ್ಲೇ ಇದೆ. ಪಕ್ಕದ ಬಾಚಿಹಲ್ಲುಗಳಲ್ಲಿ ಎಡಗಡೆಯದು ಸುಧಾರಿಸಿದೆ. ಬಲಗಡೆಯದರಲ್ಲಿ ಆಳ 5 ಮಿಲಿಮೀಟರಿಗಿಂತ ಕೆಳಗೆ ಇಳಿಯುತ್ತಿಲ್ಲ, ಸ್ವಲ್ಪ ಸಡಿಲವೂ ಇದೆ. ಅದನ್ನು ಇನ್ನೆರಡು ಮೂರು ತಿರುಗಾಟಗಳಾದರೂ ಉಳಿಸಿಕೊಳ್ಳುವುದು ಯೋಜನೆ; ಅದರ ಅಚ್ಚು, ಫೋಟೊ ಮತ್ತು ಪುಡಿಯ ಗುರುತುಗಳನ್ನು ಕಳೆದ ಭೇಟಿಯಲ್ಲೇ ತೆಗೆದಿಟ್ಟಿದ್ದೇವೆ.